ತಂಗಳ ಹಬ್ಬದ ಬನ್ನಿ

ಮಹಾಲಯ ಅಮಾವಾಸ್ಯೆ ಕಳೆದು ಊರೆಲ್ಲ ದಸರಾ ಗೊಂಬೆಗೆ ಮೆಟ್ಟಿಲು ಜೋಡಿಸುವ ಹೊತ್ತಿಗೆ, ಬೆಂಗಳೂರಿನ ಮಾರೇನಹಳ್ಳಿಯ ಒಂದು ಮನೆಯ ಎರಡನೇ ಮಹಡಿಯಲ್ಲೂ ಹಬ್ಬದ ತಿಂಗಳು ಕಾಲಿಟ್ಟಿತು. ಅಲ್ಲಿ ಬಾಡಿಗೆಗಿದ್ದವರು ಪೆಣ್ಕರ್ ಮನೆಯವರು, ಯಹೂದಿಗಳು. ಅವರ ಹಿರೀಕರ ಹಡಗು ಯಾವುದೋ ಕಾಲದಲ್ಲಿ ಕೊಂಕಣದ ಕಡಲಲ್ಲಿ ಒಡೆಯಿತಂತೆ, ಏಳು ಗಂಡಸರು ಏಳು ಹೆಂಗಸರು ಮಾತ್ರ ದಡ ಸೇರಿದರಂತೆ, ಎಣ್ಣೆಗಾಣ ಕಟ್ಟಿಕೊಂಡು ಬಾಳಿದರಂತೆ. ಈ ಅಂತೆಗಳೆಲ್ಲ ಆಜಿಯವು. ಆಜಿಯೆಂದರೆ ಸಾರಾಬಾಯಿ, ಎಂಬತ್ತೊಂದರ ಮುದುಕಿ. ಗಂಡ ಹುಬ್ಬಳ್ಳಿಯಲ್ಲಿ ರೈಲ್ವೆ ಗಾರ್ಡ್ ಆಗಿದ್ದುದರಿಂದ ನಲವತ್ತು ವರ್ಷ ಆ ಊರಿನ ನೀರು ಕುಡಿದವಳು. ಮೊಮ್ಮಗಳು ಜೆರೂಶಾ ಈ ಅಂತೆಗಳನ್ನೇ ಉಂಡು ಬೆಳೆದಿದ್ದಳು. ಇಪ್ಪತ್ತಮೂರು ತುಂಬಿದ್ದರೂ ಬಸ್ಸಿನ ಕಿಟಕಿ ಪಕ್ಕ ಕೂತರೆ ಅವಳಿಗೆ ವಿಜಯನಗರದ ಟೋಲ್‌ಗೇಟಿನಲ್ಲಿ ಸಮುದ್ರ ಕಾಣುತ್ತಿತ್ತು. ಇಳಿಯುವ ಸ್ಟಾಪು ಮಾತ್ರ ಕಾಣುತ್ತಿರಲಿಲ್ಲ.

ಪುಸ್ತಕದಲ್ಲಿ ಈ ಹಬ್ಬಗಳಿಗೆ ಘನವಾದ ಹೀಬ್ರೂ ಹೆಸರುಗಳಿವೆ. ಆಜಿಯ ಬಾಯಲ್ಲಿ ಅವು ಮನೆಮಕ್ಕಳ ಹಾಗೆ ಅಡ್ಡಹೆಸರಿನವು. ವರ್ಷ ಹುಟ್ಟುವ ದಿನ ಹೊಸ ಹಬ್ಬ, ಜೇನಿನಲ್ಲದ್ದಿದ ಸೇಬು, ತೆಂಗಿನಹಾಲಿನ ಹಲ್ವ. ಹತ್ತನೆಯ ದಿನ ಬಾಗಿಲು ಹಾಕುವ ಹಬ್ಬ, ಪೂರ್ತಿ ಉಪವಾಸ. ಅದರ ಮಾರನೆಯ ದಿನ ತಂಗಳ ಹಬ್ಬ, ನಾಲ್ಕು ಮನೆಗೆ ಹೋಗಿಬರುವುದು. ಹುಣ್ಣಿಮೆಯಿಂದ ಏಳು ದಿನ ಚಪ್ಪರದ ಹಬ್ಬ, ಊಟವೆಲ್ಲ ಚಪ್ಪರದೊಳಗೆ. ಕೊನೆಗೆ ಧರ್ಮಗ್ರಂಥದ ಸುರುಳಿಯನ್ನು ಎತ್ತಿಕೊಂಡು ಗಂಡಸರೆಲ್ಲ ಮಕ್ಕಳ ಹಾಗೆ ಕುಣಿಯುವ ದಿನ.

ಬೆಂಗಳೂರಿನ ಅವರ ಸಭೆಯೆಂದರೆ ಎಲ್ಲ ಸೇರಿ ಮೂವತ್ತು ಜನ. ಕೂಡುತ್ತಿದ್ದುದು ಫ್ರೇಜರ್ ಟೌನಿನ ಹನೋಕ್ ಅಂಕಲ್ ಮನೆಯಲ್ಲಿ. ಆಜಿಯ ಮಂಡಿ ಕೈಕೊಟ್ಟ ಮೇಲೆ ಅವಳು ಮೆಟ್ಟಿಲಿಳಿದಿರಲಿಲ್ಲ, ಚಪ್ಪರದಲ್ಲಿ ಕೂತು ಮೂರು ವರ್ಷವಾಗಿತ್ತು. ಅದಕ್ಕೇ ಆ ವರ್ಷ, ಎರಡು ಸಾವಿರದ ಆರರಲ್ಲಿ, ಹನೋಕ್ ಅಂಕಲ್ ಮನೆಯ ಹೊಸ ಹಬ್ಬದ ಊಟದ ನಡುವೆ ಜೆರೂಶಾ ಎದ್ದು ನಿಂತು ಮಾತು ಕೊಟ್ಟುಬಿಟ್ಟಳು. "ಈ ಸಲ ಚಪ್ಪರ ನಮ್ಮನೆ ಟೆರೇಸ್ ಮೇಲೆ. ಆಜಿ ಒಂದೇ ಒಂದು ಮಹಡಿ ಹತ್ತಿದ್ರೆ ಸಾಕು."

"ಮಾರೇನಹಳ್ಳಿನಾ?" ಹನೋಕ್ ಅಂಕಲ್ ಹಲ್ವದ ತುಂಡನ್ನು ಕೆಳಗಿಟ್ಟರು. "ಮೆಜೆಸ್ಟಿಕ್ ದಾಟಿದ್ರೆ ಬೆಂಗಳೂರು ಮುಗೀತಲ್ಲಮ್ಮ."

"ನಮ್ಮ ಹಿರಿಯರು ಸಮುದ್ರ ದಾಟಿದೋರು ಅಂಕಲ್. ನೀವು ಮೆಜೆಸ್ಟಿಕ್ ದಾಟಿದ್ರೆ ಸಾಕು."

ಎಲ್ಲರೂ ನಕ್ಕರು, ಅಲ್ಲಿಗೆ ತೀರ್ಮಾನವಾಯಿತು. ಚಪ್ಪರವೆಂದರೆ ತೆರೆದ ಆಕಾಶದ ಕೆಳಗೆ ಕಟ್ಟಬೇಕು. ಕಡಿದು ತಂದ ಗರಿಗಳನ್ನೇ ಹೊದಿಸಬೇಕು. ಸಂದಿಯಲ್ಲಿ ನಕ್ಷತ್ರ ಕಾಣಬೇಕು. ಟೆರೇಸಿನ ಬೀಗದಕೈ ಇದ್ದುದು ಮನೆಯೊಡತಿ ಹಾಲವ್ವನವರ ಸೊಂಟದಲ್ಲಿ. ರಾಣೇಬೆನ್ನೂರಿನ ಕಡೆಯವರು, ಆ ಮೇ ತಿಂಗಳಲ್ಲಷ್ಟೇ ಮನೆ ಕೊಂಡು ಮಗ ರುದ್ರೇಶನೊಡನೆ ಕೆಳಗಡೆ ಬಂದು ಕೂತಿದ್ದರು. ಕೇಳಿದ ಕೂಡಲೇ ಒಪ್ಪಿದ್ದರು. "ಕಟ್ಕೋರಿ. ನನ್ನ ಮೆಣಸಿನಕಾಯಿಗೆ ಒಂದು ಮೂಲಿ ಬಿಡ್ರಿ, ಸಾಕು."

ಜೆರೂಶಾ ಅವರಿಗೆ ಎಲ್ಲವನ್ನೂ ಹೇಳಿದ್ದಳು, ಹತ್ತನೆಯ ದಿನ ಬಾಗಿಲು ಹಾಕುತ್ತೇವೆ ಎನ್ನುವುದೊಂದನ್ನು ಬಿಟ್ಟು. ಅದು ಹೇಳಬೇಕಾದ ಸಂಗತಿಯೆಂದೇ ಅವಳಿಗೆ ಹೊಳೆದಿರಲಿಲ್ಲ. ಸೂರ್ಯ ಪಶ್ಚಿಮಕ್ಕೆ ಮುಳುಗುತ್ತಾನೆಂದು ಓನರಿಗೆ ಯಾರಾದರೂ ಹೇಳುತ್ತಾರೆಯೇ?

ಆ ವರ್ಷ ಹತ್ತನೆಯ ದಿನವೂ ವಿಜಯದಶಮಿಯೂ ಒಂದೇ ಸೋಮವಾರ ಬಿದ್ದವು. ಅಪ್ಪ ಅಮ್ಮ ಹಿಂದಿನ ದಿನವೇ ಸಭೆಯ ಪ್ರಾರ್ಥನೆಗೆಂದು ಫ್ರೇಜರ್ ಟೌನಿಗೆ ಹೋಗಿದ್ದರು. ಮನೆಯಲ್ಲಿ ಬಿಳಿ ಸೀರೆಯ ಆಜಿ, ಬಿಳಿ ಚೂಡಿದಾರದ ಜೆರೂಶಾ, ಇಬ್ಬರ ಹೊಟ್ಟೆಯೂ ಖಾಲಿ. ಆಕಾಶದ ಬಾಗಿಲು ತೆರೆದಿರುವ ದಿನ ನೆಲದ ಬಾಗಿಲು ಮುಚ್ಚಿರಬೇಕು ಎನ್ನುತ್ತಿದ್ದಳು ಆಜಿ. ಹಿಂದಿನ ಸಂಜೆಯಿಂದ ಈ ಸಂಜೆ ಮೂರು ನಕ್ಷತ್ರ ಮೂಡುವವರೆಗೆ ಚಿಲಕ ತೆಗೆಯುವ ಹಾಗಿಲ್ಲ, ಹೊರಗಿನವರೊಡನೆ ಮಾತಿಲ್ಲ. ಅದು ಅವಳ ಅಜ್ಜಿಯ ಕಾಲದ ಕಟ್ಟು.

ಸಂಜೆ ಐದೂವರೆಗೆ ಬಾಗಿಲು ಬಡಿದ ಸದ್ದಾಯಿತು.

"ಆಯೀ, ಬನ್ನಿ ತಂದೀನ್ರಿ. ಬಾಗ್ಲಾ ತಗೀರಿ." ಹಾಲವ್ವನವರ ದನಿ.

ಉತ್ತರ ಕರ್ನಾಟಕದವರಿಗೆ ಆ ದಿನ ಬನ್ನಿ ಮರದ ಎಲೆಯೇ ಬಂಗಾರ. ಹಿರಿಯರ ಕೈಗೆ ಕೊಟ್ಟು ಕಾಲಿಗೆ ಬೀಳುತ್ತಾರೆ. ವರ್ಷವಿಡೀ ಕಚ್ಚಾಡಿದವರೂ ಆ ದಿನ ಬನ್ನಿ ಒಲ್ಲೆ ಎನ್ನುವುದಿಲ್ಲ. ಜೆರೂಶಾ ಅರ್ಧ ಎದ್ದಳು. ಆಜಿ ತುಟಿಯ ಮೇಲೆ ಬೆರಳಿಟ್ಟಳು. ಅವಳು ಮತ್ತೆ ಕೂತಳು.

"ಒಳಗ ಫ್ಯಾನ್ ಸಪ್ಪಳಾ ಕೇಳಾಕತ್ತೈತಲ್ಲ," ಎಂದರು ಹಾಲವ್ವನವರು ಹೊರಗೆ. ಹಿಂದಿನ ದಿನ ಹಾಕಿದ ಫ್ಯಾನು ಅದು; ಆ ದಿನ ಸ್ವಿಚ್ಚು ಮುಟ್ಟಬಾರದು, ಆರಿಸುವ ಹಾಗೂ ಇರಲಿಲ್ಲ. ಸ್ವಲ್ಪ ಹೊತ್ತು ಬಳೆಯ ಸದ್ದು. "ಇರ್ಲಿ ಬಿಡ್ರಿ. ಬಂಗಾರ ಒಲ್ಲದವ್ರೂ ಅದಾರ ಅಂತ ಗೊತ್ತಾತು."

ಹೆಜ್ಜೆಗಳು ನಿಧಾನವಾಗಿ ಇಳಿದುಹೋದವು. ಬನ್ನಿ ಮರಳಿಸಿದರೆ ಏನರ್ಥವೆಂದು ಹುಬ್ಬಳ್ಳಿಯ ಆಜಿಗೆ ಹೇಳಿಕೊಡಬೇಕಿರಲಿಲ್ಲ. ಆಮೇಲೆ ಅವಳ ಪ್ರಾರ್ಥನೆಯ ಪುಸ್ತಕದಲ್ಲಿ ಒಂದು ಹಾಳೆಯೂ ಮಗುಚಲಿಲ್ಲ.

ಮೂರನೆಯ ನಕ್ಷತ್ರ ಕಂಡದ್ದೇ ಜೆರೂಶಾ ಗುಟುಕು ನೀರನ್ನೂ ಕುಡಿಯದೆ ಕೆಳಗೋಡಿದಳು. ರುದ್ರೇಶ ಬಾಗಿಲನ್ನು ಒಂದು ಗೇಣು ತೆಗೆದ. ಒಳಗೆ ಧಾರಾವಾಹಿ ಕೂಗುತ್ತಿತ್ತು.

"ಅವ್ವ ಮಲ್ಕೊಂಡಾಳ್ರಿ."

"ಮಲ್ಕೊಂಡಾಳ, ಬೆಳಿಗ್ಗೇನೂ ಏಳಂಗಿಲ್ಲ ಅಂತ ಹೇಳು," ಎಂದು ಹಾಲವ್ವನವರೇ ಒಳಗಿನಿಂದ ತಿದ್ದಿದರು.

ಬೆಳಿಗ್ಗೆ ನೋಡಿದರೆ ಟೆರೇಸಿನ ಬಾಗಿಲಿಗೆ ಹೊಸ ಬೀಗ, ತೆಂಗಿನಕಾಯಿಯಷ್ಟು ದೊಡ್ಡದು. ಜೆರೂಶಾ ಕೆಳಗಿನ ಮನೆಯ ಕಿಟಕಿಯ ಹೊರಗೆ ನಿಂತು ಉಪವಾಸ, ನಕ್ಷತ್ರ, ಕಟ್ಟು ಎಲ್ಲವನ್ನೂ ವಿವರಿಸಿದಳು. ಹಾಲವ್ವನವರು ಸೊಪ್ಪು ಸೋಸುತ್ತ ಕೇಳಿದರು.

"ದೇವರ ಕೂಡ ಮಾತಾಡೂ ದಿನ ಮನಶ್ಯಾರ ಕೂಡ ಮಾತಾಡಬಾರದು ಅಂತ ಯಾವ ದೇವರು ಹೇಳ್ಯಾನವಾ?"

"ನಾನು ಮೊದ್ಲೇ ಹೇಳ್ಬೇಕಿತ್ತು ಆಂಟಿ. ತಪ್ಪು ನಂದು."

"ಹಂಗಾರ ಚಪ್ಪರಕ್ಕ ಜಾಗಾನೂ ಅವನ್ನ ಕೇಳ್ಕೋ. ಮ್ಯಾಲ ಬೇಕಾದಷ್ಟು ಖಾಲಿ ಐತಿ."

ಮೇಲೆ ಬಂದರೆ ಫ್ರೇಜರ್ ಟೌನಿನಿಂದ ಮರಳಿದ್ದ ಅಪ್ಪ ಚಪ್ಪಲಿ ಬಿಚ್ಚುತ್ತ ಹೇಳಿದ, "ಹನೋಕ್‌ಗೆ ಫೋನ್ ಮಾಡಮ್ಮ. ಅಲ್ಲೇ ಕಟ್ಲಿ. ಆಜಿಗೆ ಮುಂದಿನ ವರ್ಷ ನೋಡೋಣ." ಎಂಬತ್ತೊಂದರವಳಿಗೆ ಮುಂದಿನ ವರ್ಷ! ದೇವರಿಗೆ ಮಾಡಿದ ತಪ್ಪು ಉಪವಾಸಕ್ಕೆ ತೊಳೆದುಹೋಗುತ್ತದೆ, ಮನುಷ್ಯರಿಗೆ ಮಾಡಿದ್ದನ್ನು ಆ ಮನುಷ್ಯರೇ ಕ್ಷಮಿಸಿ ತೊಳೆಯಬೇಕು ಎಂದು ಆಜಿ ಹೇಳುತ್ತಿದ್ದುದು ನೆನಪಾಗಿ ಜೆರೂಶಾಳಿಗೆ ಫೋನಿನ ಅಂಕಿಗಳೇ ಮಂಜಾದವು. ಎರಡು ಸಲ ತಪ್ಪು ನಂಬರು ಒತ್ತಿದಳು. ಮೂರನೆಯ ಸಲ ಒತ್ತುವಾಗ ನೋಡುತ್ತಾಳೆ, ಆಜಿಯ ಕುರ್ಚಿ ಖಾಲಿ.

ಆಜಿ ಮೆಟ್ಟಿಲ ಮೇಲಿದ್ದಳು. ಕೂತು, ಒಂದು ಮೆಟ್ಟಿಲು ಜಾರಿ, ಮತ್ತೆ ಕೂತು, ಅಂಬೆಗಾಲಿನ ಮಗುವಿನ ಹಾಗೆ ಆಗಲೇ ಹನ್ನೊಂದು ಮೆಟ್ಟಿಲು ಇಳಿದಿದ್ದಳು. ಬಿಳಿ ಸೀರೆಯ ಹಿಂಭಾಗ ಸಿಮೆಂಟಿನ ಬಣ್ಣಕ್ಕೆ ತಿರುಗಿತ್ತು.

"ಆಜಿ, ಏನ್ ಮಾಡ್ತಾ ಇದೀಯಾ?"

"ಮೆಟ್ಟಿಲ ಗುಡಸಾಕತ್ತೀನಿ. ದಾರಿ ಬಿಡು."

ಉಳಿದ ಮೆಟ್ಟಿಲುಗಳನ್ನೂ ಹಾಗೆಯೇ ಗುಡಿಸಿ, ಹಾಲವ್ವನವರ ಹೊಸ್ತಿಲ ಮುಂದೆ ಕೂತು ಉಸಿರು ತಿರುಗಿಸಿಕೊಂಡಳು. ಹಾಲವ್ವನವರು ಕೈಯಲ್ಲಿ ಸೊಪ್ಪು ಹಿಡಿದುಕೊಂಡೇ ಹೊರಬಂದರು.

"ಹಾಲವ್ವ, ನನ್ನ ಪಾಲಿನ ಬನ್ನಿ ಎಲ್ಲೈತಿ?"

"ನಿನ್ನಿ ಬಂಗಾರ ಇತ್ತು. ಇವತ್ತು ಬರೇ ಎಲಿ, ತಪ್ಪಲಾ."

"ತಪ್ಪಲಾನ ಬೇಕು. ನಮಗಿವತ್ತು ತಂಗಳ ಹಬ್ಬ. ನಿನ್ನಿ ಬಾಗ್ಲಾ ಹಾಕಿದವರು ಇವತ್ತು ಮಂದಿ ಮನಿ ಬಾಗ್ಲಿಗೆ ತಾವಾಗೇ ಹೋಗಬೇಕು. ಕೊಟ್ಟರ ತಂಗಳಾನ ತಗೋಬೇಕು. ತಾಜಾ ಕೊಟ್ಟರ ನಾ ಒಲ್ಲೆ."

ಹಾಲವ್ವನವರು ಜೆರೂಶಾಳ ಮುಖ ನೋಡಿದರು. "ಖರೇನ? ಇಂಥಾದ್ದೂ ಒಂದು ಹಬ್ಬ ಐತಿ?"

"ಇದೆ ಆಂಟಿ," ಎಂದಳು ಜೆರೂಶಾ. ತಂಗಳ ಹಬ್ಬವೂ ನಿಜ, ಆ ದಿನ ನಾಲ್ಕು ಮನೆಗೆ ಹೋಗುವುದೂ ನಿಜ. ತಂಗಳನ್ನೇ ತೆಗೆದುಕೊಳ್ಳಬೇಕೆಂಬ ಕಟ್ಟನ್ನು ಅವಳು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಆಜಿಯ ಅಂತೆಗಳ ಸಂತಾನಕ್ಕೆ ಇನ್ನೊಂದು ಆ ಹೊಸ್ತಿಲಲ್ಲೇ ಹುಟ್ಟಿತೆಂದು ಕಾಣುತ್ತದೆ.

ಹಾಲವ್ವನವರು ಒಳಗೆ ಹೋದರು. ಹೊರಬಂದಾಗ ಕೈಯಲ್ಲಿ ಬಾಡಿದ ಒಂದು ಎಸಳು. ಅದನ್ನು ಆಜಿಯ ಅಂಗೈಗಿಟ್ಟು, ಬಗ್ಗಿ ಕಾಲು ಮುಟ್ಟಿದರು. "ಬಂಗಾರದಂಗ ಇರೂಣ್ರಿ ಆಯಿ."

"ನೂರು ವರ್ಷ ಇರು." ಆಜಿ ಅವರ ತಲೆಯ ಮೇಲೆ ಕೈಯಿಟ್ಟಳು.

"ಅದಿರ್ಲಿ, ಈಗ ಮ್ಯಾಲ ಹೆಂಗ ಹೋಗ್ತೀರಿ?"

ಆಜಿ ಮೆಟ್ಟಿಲುಗಳನ್ನು ಬುಡದಿಂದ ತುದಿಯವರೆಗೆ ನೋಡಿದಳು. "ಅದನ್ನ ವಿಚಾರ ಮಾಡಿಲ್ಲವಾ."

ಮಂಡಿ ಊದಿಕೊಂಡ ಆಜಿ ಶುಕ್ರವಾರದವರೆಗೆ ಹಾಲವ್ವನವರ ನಡುಮನೆಯಲ್ಲೇ ಉಳಿದಳು. ಲಿಂಗಾಯತರ ಅಡುಗೆಮನೆ, ಮಾಂಸದ ಮಾತಿಲ್ಲ. ಅವಳ ಊಟದ ನೇಮಕ್ಕೆ ಯಾವ ತೊಡಕೂ ಇರಲಿಲ್ಲ. ಜೋಳದ ರೊಟ್ಟಿ, ಎಣ್ಣೆಗಾಯಿ, ಹುಬ್ಬಳ್ಳಿಯ ಹಳೆಯ ಸುದ್ದಿ. ಜೆರೂಶಾ ಇಳಿದು ಬಂದರೆ ಇಬ್ಬರೂ ಮಾತು ನಿಲ್ಲಿಸಿ, ಯಾರೋ ಅಪರಿಚಿತಳು ಬಂದ ಹಾಗೆ ನೋಡುತ್ತಿದ್ದರು.

ಬೀಗ ತೆಗೆದದ್ದಷ್ಟೇ ಅಲ್ಲ, ಚಪ್ಪರದ ಉಸ್ತುವಾರಿಯೂ ಹಾಲವ್ವನವರ ಪಾಲಾಯಿತು. ಕೆಂಗೇರಿ ಆಚೆಯ ತೋಟದಿಂದ ರುದ್ರೇಶ ಗಾಡಿ ತುಂಬ ತೆಂಗಿನ ಗರಿ ತಂದ. ಹೊದಿಸಿದ ಮೇಲೆ ಹಾಲವ್ವನವರು ಕತ್ತೆತ್ತಿ ನೋಡಿ ಟಾರ್ಪಾಲು ತರಲು ಹೇಳಿದರು.

"ಬೇಡ ಆಂಟಿ, ನಕ್ಷತ್ರ ಕಾಣ್ಬೇಕು."

"ನಕ್ಷತ್ರ ನೋಡಾಕ ಚಪ್ಪರ ಯಾಕ ಬೇಕು? ಚಪ್ಪರ ಇಲ್ಲದಿದ್ರ ಇನ್ನೂ ಚಂದ ಕಾಣ್ತಾವ."

ಜೆರೂಶಾ ಈ ಪ್ರಶ್ನೆಯನ್ನು ಫೋನಿನಲ್ಲಿ ಹನೋಕ್ ಅಂಕಲ್‌ಗೆ ದಾಟಿಸಿದಳು. ಅವರು ಟಾರ್ಪಾಲು ಬೇಡ ಎಂದಷ್ಟೇ ಹೇಳಿ ಫೋನಿಟ್ಟರು.

ಶುಕ್ರವಾರ ನಾಲ್ಕು ಗಂಟೆಗೇ ಸಭೆ ಬಂದಿಳಿಯಿತು. ಸೂರ್ಯ ಮುಳುಗಿದರೆ ಸಬ್ಬತ್ತು, ಶನಿವಾರ ಸಂಜೆಯವರೆಗೆ ವಾಹನ ಹತ್ತುವ ಹಾಗಿಲ್ಲದ್ದರಿಂದ ಚಾಪೆ ಹೊದಿಕೆಗಳ ಸಮೇತ ಬಂದಿದ್ದರು. ಆಟೋದವನು ಯಾವ ಮದುವೆ ಎಂದು ಕೇಳಿದನಂತೆ. ಪ್ಲಾಸ್ಟಿಕ್ ಕುರ್ಚಿಯಲ್ಲಿ ಆಜಿಯನ್ನು ಕೂರಿಸಿ ಅಪ್ಪ, ರುದ್ರೇಶ, ಹನೋಕ್ ಅಂಕಲ್ ಮತ್ತು ಅವರ ಅಳಿಯ ನಾಲ್ಕು ಕಾಲಿಗೆ ಹೆಗಲು ಕೊಟ್ಟರು. ಮುಂದೆ ಹಾಲವ್ವನವರು ಸೆರಗು ಸಿಕ್ಕಿಸಿ, "ಸರೀರಿ, ತಿರುವ್ನ್ಯಾಗ ಎತ್ರಿ," ಎಂದು ದಾರಿ ಬಿಡಿಸುತ್ತ ನಡೆದರು. ಜಂಬೂಸವಾರಿಯ ಅಂಬಾರಿಗೂ ಅಷ್ಟು ಗದ್ದಲ ಇರಲಿಕ್ಕಿಲ್ಲ.

ದೀಪ ಹಚ್ಚಿಯಾಯಿತು, ಒಣದ್ರಾಕ್ಷಿಯ ಶರಬತ್ತಿನ ಬಟ್ಟಲು ಕೈಯಿಂದ ಕೈಗೆ ಸಾಗಿತು. ಗರಿಗಳ ಸಂದಿಯಲ್ಲಿ ಹುಣ್ಣಿಮೆಯ ಚಂದ್ರ ಇಣುಕಿದ್ದ. ಅನ್ನ ಬಡಿಸುವಷ್ಟರಲ್ಲಿ ಮಾಗಡಿ ರೋಡಿನ ಕಡೆಯಿಂದ ಮೋಡ ಬಂದು ಹನಿ ಉದುರತೊಡಗಿತು. ಹಾಲವ್ವನವರು ರುದ್ರೇಶನತ್ತ ನೋಡಿದರು. ಟಾರ್ಪಾಲಿನ ನೋಟ ಅದು.

ಹನೋಕ್ ಅಂಕಲ್ ತಟ್ಟೆ ಎತ್ತಿಕೊಂಡು ನಿಂತರು. "ಮಳೆ ಬಂದ್ರೆ ಎದ್ದು ಹೋಗ್ಬಹುದು ಅಂತ ಶಾಸ್ತ್ರಾನೇ ಹೇಳುತ್ತೆ. ಸಾರಾಬಾಯಿ, ನಡೀರಿ, ಕುರ್ಚಿ ಎತ್ತುತೀವಿ."

ಆಜಿ ಕುರ್ಚಿಯ ಎರಡೂ ಕೈಗಳನ್ನು ಬಿಗಿಯಾಗಿ ಹಿಡಿದುಕೊಂಡಳು. ಹಣೆಯ ಮೇಲೆ ಬಿದ್ದ ಹನಿಯನ್ನು ಒರೆಸಿಕೊಳ್ಳಲಿಲ್ಲ.

"ನೀವು ಇಳೀರಪ್ಪ. ನಾನು ಮೂರು ವರ್ಷ ಒಣಗೀನಿ. ಒಂಚೂರು ತೋಯ್ತೀನಿ."

ಯಾರೂ ಇಳಿಯಲಿಲ್ಲ. ಹನೋಕ್ ಅಂಕಲ್ ಕಾಲರು ಮೇಲೆತ್ತಿಕೊಂಡು ಮತ್ತೆ ಕೂತರು. ಹಾಲವ್ವನವರು ತಮ್ಮ ಕುರ್ಚಿಯನ್ನು ಎಳೆದು ಆಜಿಯ ಪಕ್ಕಕ್ಕೆ ಹಾಕಿಕೊಂಡು, ಅವಳ ತಟ್ಟೆಯ ಅನ್ನ ನೀರಾಗದ ಹಾಗೆ ಸೆರಗು ಮರೆಮಾಡಿ ಹಿಡಿದರು.