ಚೆಲ್ಲಿದ್ದು ನಾವೇ

ಬಾಟಲಿ ಹಿಡಿದಿದ್ದವರು ಅತ್ತೆ. ರಸ್ತೆಯ ಹಂಪನ್ನು ಕಾಣದೆ ಕಾರು ಹಾರಿಸಿದವಳು ನಾನು. ಇಬ್ಬರದೂ ಸಮಪಾಲು ಎಂದು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ನನ್ನೊಬ್ಬಳ ತಲೆಗೆ ಕಟ್ಟುವುದು ಬೇಡ.

ಅತ್ತೆಯ ಮಂಡಿನೋವಿಗೆ ಡಾಕ್ಟರನ್ನು ಕಂಡು ಮನೆಗೆ ಬರುತ್ತಿದ್ದೆವು. ಔಷಧಿ ಅಂಗಡಿಯ ಫ್ರಿಜ್ಜಿನಲ್ಲಿ ಕೆಂಪು ಸೋಡಾದ ಬಾಟಲಿಗಳನ್ನು ಸಾಲಾಗಿ ಇಟ್ಟಿದ್ದರು. ಏನ್ ಬೇಕು ಅತ್ತೆ ಎಂದು ಕೇಳಿದೆ. "ಅದೊಂದು ಕೊಡಿಸೇ" ಎಂದರು ಅತ್ತೆ, ಎಪ್ಪತ್ತು ದಾಟಿದ ಹೆಂಗಸು, ಮಗುವಿನ ಹಾಗೆ ಬೆರಳು ತೋರಿಸಿ. ಕೊಡಿಸಿದೆ. ಕಾರು ಹತ್ತಿದ ತಕ್ಷಣ ಮುಚ್ಚಳಕ್ಕೆ ಕೈ ಹಾಕಿದರು. ಮನೆಗೆ ಹೋಗಿ ಕುಡಿಯಿರಿ ಎಂದು ನಾನು ಹೇಳಬಹುದಿತ್ತು. ಹೇಳಲಿಲ್ಲ. ಯಾಕೆ ಹೇಳಬೇಕು? ಆ ಕಾರಿನಲ್ಲಿ ಒಂದು ಗುಟುಕು ನೀರು ಕುಡಿಯಲೂ ಬಿಡದ ಮನುಷ್ಯ ತೀರಿಕೊಂಡು ವರ್ಷವಾಗುತ್ತಾ ಬಂದಿತ್ತು.

ಆ ಮನುಷ್ಯ ನನ್ನ ಗಂಡ, ಅತ್ತೆಯ ದೊಡ್ಡ ಮಗ. ಒಳ್ಳೆಯವರೇ. ನನಗೆ ಜ್ವರ ಬಂದರೆ ರಾತ್ರಿಯಿಡೀ ಕೂತಿರುತ್ತಿದ್ದರು. ಆದರೆ ಕಾರಿನ ವಿಷಯಕ್ಕೆ ಬಂದರೆ ಬೇರೆಯೇ ಆಸಾಮಿ. ಹೊಸ ಕಾರು ತಂದ ದಿನ ಸೀಟುಗಳಿಗೆ ಹೊದಿಸಿದ್ದ ಪ್ಲಾಸ್ಟಿಕ್ಕನ್ನು ಅವರು ಕೊನೆಯವರೆಗೂ ತೆಗೆಯಲೇ ಇಲ್ಲ. ಹರಿದ ಕಡೆಯೆಲ್ಲ ಟೇಪು ಅಂಟಿಸಿದರು. ನಾವು ಹೆಂಗಸರು ಹಿಂದಿನ ಸೀಟಿನಲ್ಲಿ ಚಪ್ಪಲಿಯನ್ನು ಕವರಿಗೆ ಹಾಕಿ ಮಡಿಲಲ್ಲಿಟ್ಟುಕೊಂಡು ಕೂರಬೇಕಿತ್ತು. ಬೇಸಿಗೆಯಲ್ಲಿ ಬೆವರಿಗೆ ಬಟ್ಟೆಯೆಲ್ಲ ಪ್ಲಾಸ್ಟಿಕ್ಕಿಗೆ ಅಂಟಿ, ಇಳಿಯುವಾಗ ಪರ್‍ರೆಂದು ಸದ್ದಾಗುತ್ತಿತ್ತು. ಓಡಿಸಲು ಕಲಿಸಿ ಎಂದು ಕೇಳಿದಾಗಲೆಲ್ಲ "ನಿಂಗ್ಯಾಕೆ, ನಾನಿಲ್ವಾ?" ಅನ್ನುತ್ತಿದ್ದರು. ಈಗ ಅವರಿಲ್ಲ. ಕಲಿಸಿಯೂ ಹೋಗಲಿಲ್ಲ. ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದಂತೆ. ನಾನು ಇಟ್ಟುಕೊಂಡಿದ್ದೇನೆ. ಅಳುತ್ತಲೇ ಇಟ್ಟುಕೊಂಡಿದ್ದೇನೆ.

ನಾನು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವಳು. ಗಿರಾಕಿಗಳ ಮೂಗಿಗೆ, ಕಿವಿಗೆ ಫ್ರೇಮು ಹೊಂದಿಸುವುದು ನನ್ನ ಕೆಲಸ. ಗಂಡ ತೀರಿಕೊಂಡ ಮೇಲೆ ಅಂಗಡಿಯನ್ನು ಊರಿನ ಆ ತುದಿಗೆ ಸಾಗಿಸಿದರು. ಬಸ್ಸು ಬದಲಾಯಿಸಿ ಬದಲಾಯಿಸಿ ಹೋಗುವಷ್ಟರಲ್ಲಿ ದಿನಾ ತಡವಾಗಿ, ದಿನಾ ಬೈಸಿಕೊಂಡು, ಇನ್ನೇನು ಕೆಲಸ ಹೋಗುತ್ತದೆ ಅನ್ನುವ ಹಂತಕ್ಕೆ ಬಂದಿತ್ತು. ಹಲ್ಲು ಕಚ್ಚಿ ಡ್ರೈವಿಂಗ್ ಕಲಿತೆ. ಲೈಸೆನ್ಸು ಕೈಗೆ ಬಂದ ದಿನ ಕತ್ತರಿ ತಂದು ಎಲ್ಲಾ ಸೀಟುಗಳ ಪ್ಲಾಸ್ಟಿಕ್ಕನ್ನೂ ಬಿಚ್ಚಿ ಎಸೆದೆ. ಕೆಳಗೆ ಹಾಲಿನ ಕೆನೆಯ ಬಣ್ಣದ ಮೆತ್ತನೆಯ ಬಟ್ಟೆ ಇತ್ತು. ಅಷ್ಟು ವರ್ಷ ಅದನ್ನು ಕಾದ ಮನುಷ್ಯ ಒಂದು ಸಲವೂ ಅದರ ಮೇಲೆ ಕೈಯಾಡಿಸಿ ನೋಡಲಿಲ್ಲ. ನಾನು ಅದರ ಮೇಲೆ ಕೂತು ಮನಸಾರೆ ಅತ್ತು, ಮೂಗು ಒರೆಸಿಕೊಂಡು, ಕಾರು ಸ್ಟಾರ್ಟ್ ಮಾಡಿದೆ.

ಇದು ನನ್ನ ಮೈದುನನ ಕಣ್ಣು ಕುಕ್ಕಿತು. "ಅಣ್ಣನ ನೆನಪಿಗೆ ಅಂತ ಉಳಿದಿರೋದು ಅದೊಂದೇ ಅತ್ತಿಗೆ. ಅದನ್ನ ಹಿಂಗೆ ಬೀದಿ ಬೀದಿ ತಿರುಗಿಸಿ ಹಾಳು ಮಾಡ್ತಿದೀರಿ. ನಮ್ಮನೇಲಿ ಇಟ್ಕೊಂಡು ಜೋಪಾನ ಮಾಡ್ತೀನಿ, ಕೊಡಿ" ಎಂದು ಶುರುಮಾಡಿದ. ನನ್ನ ಹತ್ತಿರ ಬೇಳೆ ಬೇಯಲಿಲ್ಲ. ಅಮ್ಮನ ಹತ್ತಿರ ಹೋದ. ನಮ್ಮ ಮನೆಯಲ್ಲಿ ಅತ್ತೆ ಹೂಂ ಅಂದರೆ ಮುಗಿಯಿತು, ಮತ್ತೆ ಅದರ ಮೇಲೆ ಮಾತಿಲ್ಲ. ಚಿಕ್ಕ ಮಗ ಕೇಳಿದ್ದಕ್ಕೆಲ್ಲ ಅವರು ಹೂಂ ಅಂದವರೇ. ಈ ಸಲ ಮಾತ್ರ ನನ್ನ ಮುಖ ನೋಡಿ ಸ್ವಲ್ಪ ತಡೆದರು. "ಭಾನುವಾರ ಸಾಯಂಕಾಲ ಬಾ. ಕಾರು ನೆಟ್ಟಗಿದ್ರೆ ಅವಳ ಹತ್ರಾನೇ ಇರಲಿ. ಹಾಳಾಗಿದ್ರೆ ತಗೊಂಡ್ಹೋಗು" ಎಂದು ತೀರ್ಪು ಕೊಟ್ಟರು.

ನಾವು ಡಾಕ್ಟರ ಹತ್ತಿರ ಹೋಗಿದ್ದು ಅದೇ ಭಾನುವಾರ ಬೆಳಿಗ್ಗೆ. ಹಣೆಬರಹ ಅನ್ನಿ.

ಹಂಪಿಗೆ ಕಾರು ಎಗರಿದಾಗ ಬಾಟಲಿ ಬುಸ್ಸೆಂದು ಉಕ್ಕಿತು. ಬೇರೆ ಯಾರಾದರೂ ಆಗಿದ್ದರೆ ಅದನ್ನು ಕಿಟಕಿಯಿಂದ ಆಚೆ ಹಿಡಿಯುತ್ತಿದ್ದರು. ನಮ್ಮ ಅತ್ತೆ ಮರ್ಯಾದಸ್ಥರು. ಬೀದಿಯವರು ನೋಡಿಯಾರು ಎಂದು ಮೊದಲು ಕಿಟಕಿಯ ಗಾಜು ಏರಿಸಿದರು. ಆ ಗಾಜು ಏರುವಷ್ಟು ಹೊತ್ತೂ ಬಾಟಲಿ ಅವರ ಮಡಿಲಲ್ಲಿ ಮಲಗಿತ್ತು. ಸೀಟು, ಬೆಲ್ಟಿನ ಕೊಂಡಿ, ಗೇರಿನ ಬುಡ, ಕಾಲಡಿಯ ಮ್ಯಾಟು, ಎಲ್ಲವೂ ಕೆಂಪು.

"ಅಯ್ಯಯ್ಯೋ! ಚಿಕ್ಕೋನು ಬರ್ತಾನಲ್ಲೇ!" ಎಂದರು ಅತ್ತೆ. ತಮ್ಮ ಸೀರೆ ತೊಯ್ದದ್ದು ಅವರಿಗೆ ನೆನಪೇ ಇರಲಿಲ್ಲ.

"ಬರಲಿ ಬಿಡಿ, ಒರೆಸಿದ್ರೆ ಹೋಗುತ್ತೆ" ಎಂದೆ. ಹೆದರಿಕೆ ನನಗೂ ಆಗಿತ್ತು, ಆದರೆ ತೋರಿಸಿಕೊಳ್ಳುವವಳು ನಾನಲ್ಲ.

ಮನೆಯ ಮುಂದೆ ಕಾರು ನಿಲ್ಲಿಸಿ ನಾಲ್ಕೂ ಬಾಗಿಲು ತೆರೆದೆ. ಸೀರೆ ಬದಲಾಯಿಸಲು ಅತ್ತೆ ಇಳಿಯಬೇಕಲ್ಲ, ಬೆಲ್ಟು ಬಿಡಲೊಲ್ಲದು. ಕೊಂಡಿಯೊಳಗೆ ಪಾಕ ಇಳಿದು ಗುಂಡಿ ಕಚ್ಚಿಕೊಂಡಿತ್ತು. "ನನ್ನನ್ನ ಇಲ್ಲೇ ಕಟ್ಟಿಹಾಕಿ ಹೋಗ್ತೀಯೇನೇ?" ಎಂದು ಅವರು ಅಳುವ ಹಾಗಾದರು. ಚೊಂಬಿನಲ್ಲಿ ಬಿಸಿನೀರು ತಂದು ಕೊಂಡಿಯ ಬಾಯಿಗೆ ಸ್ವಲ್ಪ ಸ್ವಲ್ಪವೇ ಬಿಟ್ಟು, ಗುಂಡಿಯನ್ನು ಒತ್ತಿ ಒತ್ತಿ ಬಿಟ್ಟೆ. ಬಹಳ ಹೊತ್ತಿಗೆ ಟಕ್ಕೆಂದಿತು. ಅತ್ತೆ ಜೈಲಿನಿಂದ ಬಿಟ್ಟವರ ಹಾಗೆ ಇಳಿದು ಒಳಗೆ ಓಡಿದರು. ಮಂಡಿನೋವು ಆ ಕ್ಷಣಕ್ಕೆ ಎಲ್ಲಿ ಹೋಯಿತೋ!

ಹಳೆಯ ಟವೆಲ್ಲುಗಳನ್ನು ಸೀಟಿನ ಮೇಲೆ ಹಾಸಿ, ಮಂಡಿಯೂರಿ, ಮೈಭಾರವೆಲ್ಲ ಬಿಟ್ಟು ಒತ್ತಿದೆ. ಉಜ್ಜಿದರೆ ಕಲೆ ಹರಡುತ್ತದೆ, ಒತ್ತಿದರೆ ಟವೆಲ್ಲಿಗೆ ಹತ್ತುತ್ತದೆ. ಬಣ್ಣ ಮೆಲ್ಲಗೆ ಬಿಡುತ್ತಿತ್ತು. ಗೇರಿನ ಬುಡದ ಸಂದುಗಳಿಗೆ ಹಳೆಯ ಹಲ್ಲುಜ್ಜುವ ಬ್ರಷ್ಷು ಹಾಕಿ ತಿಕ್ಕಿದೆ. ಮ್ಯಾಟು ತೊಳೆದು ಗೋಡೆಯ ಮೇಲೆ ಒಣಹಾಕಲು ಹೋದೆ. ನಾನು ಅತ್ತ ಹೋಗಿ ಇತ್ತ ಬರುವುದರೊಳಗೆ ಅತ್ತೆ ಬೇರೆ ಸೀರೆಯುಟ್ಟು ಬಂದು, ಬಟ್ಟೆ ಒಗೆಯುವ ಸೋಪಿನ ಪುಡಿಯನ್ನು ಮುಷ್ಟಿ ಮುಷ್ಟಿ ಸೀಟಿಗೆ ಸುರಿದು, ಬಕೆಟ್ಟಿನಿಂದ ನೀರು ಹೊಯ್ದು, ಎರಡೂ ಕೈಯಲ್ಲಿ ಗಸಗಸ ಉಜ್ಜುತ್ತಿದ್ದರು.

"ಅತ್ತೆ! ಏನ್ ಮಾಡ್ತಿದೀರಿ?"

"ಹಾಸಿಗೆ ಹೊದಿಕೆಯಿಂದ ಎಂತೆಂಥ ಕಲೆ ತೆಗ್ದಿದೀನಿ. ನೀ ಸುಮ್ನಿರು."

ಹೊದಿಕೆಯನ್ನು ಜಾಲಿಸಿ ಹಿಂಡಬಹುದು. ಸೀಟನ್ನು ಹೇಗಮ್ಮ ಹಿಂಡುವುದು? ಒಂದು ಸಲ ಒತ್ತಿದರೆ ನೊರೆ. ನೀರು ಹಾಕಿ ಮತ್ತೆ ಒತ್ತಿದರೆ ಇನ್ನಷ್ಟು ನೊರೆ. ಬಟ್ಟೆಯ ಕೆಳಗಿನ ಸ್ಪಂಜು ಸೋಪು ಕುಡಿದು ಕೂತಿತ್ತು. ಮಧ್ಯಾಹ್ನವೆಲ್ಲ ಒಬ್ಬರು ನೀರು ಹಾಕುವುದು, ಒಬ್ಬರು ಒತ್ತುವುದು, ಇದೇ ಆಯಿತು. ಊಟ ಮಾಡಲಿಲ್ಲ. ನನ್ನ ಸಿಟ್ಟು ನೆತ್ತಿಗೇರಿತ್ತು. ಅತ್ತೆಯ ಮುಖ ನೋಡಿದೆ, ಮೂಗಿನ ತುದಿಯಲ್ಲಿ ನೊರೆ. ನಗು ತಡೆಯಲಾಗಲಿಲ್ಲ. ಅವರೂ ನಕ್ಕರು. ಚಿಕ್ಕ ಮಕ್ಕಳ ಹಾಗೆ ಇಬ್ಬರೂ ಕಾರಿನ ಬಾಗಿಲು ಹಿಡಿದುಕೊಂಡು ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಆ ಮನೆಯಲ್ಲಿ ವರ್ಷದಿಂದ ಯಾರೂ ಹಾಗೆ ನಕ್ಕಿರಲಿಲ್ಲ.

ನೊರೆ ಅಂತೂ ಕಡಿಮೆಯಾಯಿತು. ಕಲೆ ಹೋಗಲಿಲ್ಲ. ಕೆಂಪು ತಿಳಿಯಾಗಿ ಗುಲಾಬಿಯಾಗಿ, ಅಂಚು ಮಾತ್ರ ಗಾಢವಾಗಿ, ಸೀಟಿನ ತುಂಬ ಹರಡಿಕೊಂಡಿತ್ತು. ಬಿಸಿಲು ಇಳಿಯುತ್ತಾ ಬಂದಂತೆ ಅತ್ತೆಯ ನಗುವೂ ಇಳಿಯಿತು. ಒಳಗೆ ಹೋಗಿ, ತಮ್ಮ ಮಂಚದ ಕೆಳಗಿನಿಂದ ಒಂದು ಗಂಟು ಎಳೆದು ತಂದರು. ಬಿಚ್ಚಿದರೆ ಪ್ಲಾಸ್ಟಿಕ್! ನಾನು ಕತ್ತರಿಸಿ ಎಸೆದದ್ದನ್ನೆಲ್ಲ ಆರಿಸಿ, ಒರೆಸಿ, ಮಡಿಸಿ ಇಟ್ಟುಕೊಂಡಿದ್ದರು.

"ಅವನು ಮುಟ್ಟಿದ್ದು ಕಣೇ. ಎಸೆಯೋಕೆ ಮನಸ್ಸಾಗ್ಲಿಲ್ಲ" ಎಂದರು ಮೆಲ್ಲಗೆ. "ಇದನ್ನ ಹೊದಿಸಿಬಿಡೋಣ. ನಾಳೆ ಮತ್ತೆ ತೆಗೆದ್ರಾಯ್ತು."

ಒದ್ದೆ ಸೀಟಿಗೆ ಪ್ಲಾಸ್ಟಿಕ್ ಬಿಗಿದರೆ ಮುಗ್ಗಲು ಹಿಡಿಯುತ್ತದೆ ಎಂದು ನನಗೆ ಗೊತ್ತಿತ್ತು. ಆದರೂ ಅವರ ಮುಖ ನೋಡಿ ಹೂಂ ಅಂದೆ. ಇಬ್ಬರೂ ಸೇರಿ ಮುಂದಿನ ಎರಡು ಸೀಟಿಗೆ ಮಾತ್ರ ಟೇಪು ಹಚ್ಚಿ ಹೊದಿಸಿದೆವು. ಪ್ಲಾಸ್ಟಿಕ್ಕಿನ ಅಂಚನ್ನು ಸೀಟಿನ ಸಂದಿಗೆ ತುರುಕುತ್ತಾ ನನ್ನ ಮೈಯೆಲ್ಲ ಉರಿಯಿತು. ಇಷ್ಟಕ್ಕೆ ಇಷ್ಟೊಂದು ಹೆದರಬೇಕೆ? ಕೊಲೆ ಮಾಡಿದ್ದೆವೆ? ಬಾಯಾರಿದ ಮುದುಕಿಯೊಬ್ಬಳು ಸೋಡಾ ಕುಡಿದಿದ್ದಳು, ಅಷ್ಟೇ.

ಮೈದುನ ಬಂದ. ಒಬ್ಬನೇ ಬರಲಿಲ್ಲ, ಜೊತೆಗೆ ಇಸ್ತ್ರಿ ಮಾಡಿದ ಅಂಗಿಯ ಗೃಹಸ್ಥರೊಬ್ಬರು. "ನನ್ನ ಸ್ನೇಹಿತ ಅಮ್ಮ, ಸುಮ್ನೆ ಬಂದ" ಎಂದ. ಪ್ಲಾಸ್ಟಿಕ್ ಕಂಡು ಅವನ ಮುಖ ಅರಳಿತು. "ಅಬ್ಬಾ, ಅತ್ತಿಗೇಗೂ ಬುದ್ಧಿ ಬಂತು!" ಎಂದು ಹಲ್ಲು ಕಿರಿದ. ಅತ್ತೆ ಬೆವರು ಒರೆಸಿಕೊಳ್ಳುತ್ತಾ, ಬಂದವರಿಗೆ ಕುಡಿಯಲು ತರುತ್ತೇನೆಂದು ಒಳಗೆ ಹೋದರು.

ಸುಮ್ಮನೆ ಬಂದ ಆ ಸ್ನೇಹಿತರು ಸುಮ್ಮನೆ ನಿಲ್ಲಲಿಲ್ಲ. ಬಗ್ಗಿ ಟೈರು ನೋಡಿದರು. ಬಾನೆಟ್ಟು ಎತ್ತಿಸಿದರು. ಕಾರು ಎಷ್ಟು ದೂರ ಓಡಿದೆ ಎಂದು ಕೇಳಿದರು. ಒಳಗೆ ತಲೆ ಹಾಕಿ ಮೂಸಿದರು. "ಏನೋ ಸಿಹಿ ವಾಸನೆ ಬರ್ತಿದೆಯಲ್ಲ. ಪ್ಲಾಸ್ಟಿಕ್ ಸರಿಸಿ ಸೀಟು ನೋಡಬಹುದಾ?" ಎಂದು ನನ್ನನ್ನೇ ಕೇಳಿದರು.

ಆಗ ನನಗೆ ಎಲ್ಲವೂ ಹೊಳೆಯಿತು. ಮೈದುನನ ಕಡೆ ತಿರುಗಿದೆ. ಅವನು ಟೈರಿನ ಕಡೆ ನೋಡುತ್ತಿದ್ದ.

"ಮಾರ್ತಿದೀಯಾ?"

"ಅಯ್ಯೋ, ಹಂಗಲ್ಲ ಅತ್ತಿಗೆ... ಇಟ್ಕೊಂಡು ಏನ್ ಮಾಡೋದು, ಹಳೇದಾಗ್ತಿದೆ..."

"ಅಣ್ಣನ ನೆನಪು, ಜೋಪಾನ ಮಾಡ್ತೀನಿ ಅಂದಿದ್ದೆ."

"ನೆನಪು ಮನಸ್ಸಲ್ಲಿರುತ್ತೆ. ನಿಮಗ್ಯಾಕೆ ಕಾರು? ಕೆಲಸಕ್ಕೆ ಹೋಗೋ ಹೆಂಗಸ್ರು ಬಸ್ಸಲ್ಲಿ ಹೋಗಲ್ವಾ?"

ಸಾಕಾಯಿತು. ಬಾಗಿ ಕೈ ಹಾಕಿ ಪ್ಲಾಸ್ಟಿಕ್ಕನ್ನು ಟೇಪಿನ ಸಮೇತ ಪರಪರ ಕಿತ್ತೆ. "ನೋಡಿ ಸ್ವಾಮಿ, ಚೆನ್ನಾಗಿ ನೋಡಿ" ಎಂದೆ ಗೃಹಸ್ಥರಿಗೆ. "ಸೋಡಾ ಚೆಲ್ಲಿದೆ. ಚೆಲ್ಲಿದ್ದು ನಾವೇ. ಕಾರಲ್ಲಿ ಕೂತು ಕುಡಿದ್ವಿ, ಹಂಪು ಹಾರಿಸಿದ್ವಿ, ಹೊಟ್ಟೆತುಂಬ ನಕ್ವಿ. ಇದರ ಒಡೆಯ ಒಂದು ದಿನ ಆರಾಮಾಗಿ ಒರಗಿ ಕೂರಲಿಲ್ಲ. ನಾವು ಕೂತ್ವಿ. ನಾಳೆನೂ ಕೂರ್ತೀವಿ."

ಗೃಹಸ್ಥರು ಎರಡು ಹೆಜ್ಜೆ ಹಿಂದೆ ಸರಿದರು. ಮೈದುನ ಕಲೆ ನೋಡಿದ. ಅವನಿಗೆ ಕೋಪಕ್ಕಿಂತ ಹೆಚ್ಚಾಗಿ ಖುಷಿಯೇ ಆಯಿತು, ನಾನು ಕಣ್ಣಾರೆ ಕಂಡೆ.

"ಅಮ್ಮಾ! ಬಂದು ನೋಡು ನಿನ್ನ ಸೊಸೆ ಕೆಲಸ! ಹಾಳಾಗಿದ್ರೆ ತಗೊಂಡ್ಹೋಗು ಅಂದಿದ್ಯಲ್ಲ? ಹಾಳಾಗಿದೆ. ಈಗ ಹೂಂ ಅನ್ನು!"

ಅತ್ತೆ ಬಾಗಿಲಲ್ಲೇ ನಿಂತಿದ್ದರು, ತಟ್ಟೆಯಲ್ಲಿ ಎರಡು ಲೋಟ ಹಣ್ಣಿನ ರಸ. ಎಷ್ಟು ಹೊತ್ತಿನಿಂದ ನಿಂತಿದ್ದರೋ. ಮಾತು ಕೊಟ್ಟರೆ ತಪ್ಪುವವರಲ್ಲ ಅವರು, ಅದೂ ಚಿಕ್ಕ ಮಗನಿಗೆ. ನಾಳೆಯಿಂದ ಬಸ್ಸು, ಆಮೇಲೆ ಕೆಲಸವೂ ಇಲ್ಲ ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ಅವರು ಮೆಟ್ಟಿಲು ಇಳಿದು ಕಾರಿನ ಹತ್ತಿರ ಬಂದರು. ಒಂದು ಲೋಟವನ್ನು ಗೃಹಸ್ಥರಿಗೆ ಕೊಟ್ಟರು. "ತಗೊಳ್ಳಿ, ಬಿಸಿಲಲ್ಲಿ ಬಂದಿದೀರಿ" ಎಂದರು. ಮೈದುನ ಎರಡನೆಯದಕ್ಕೆ ಕೈ ಚಾಚಿದ. ಅತ್ತೆ ಕೊಡಲಿಲ್ಲ.

"ಮಾರೋಕೆ ಕರ್ಕೊಂಡು ಬಂದ್ಯಾ ಇವರನ್ನ?"

"ಅಮ್ಮ, ಅದು..."

"ನಂಗೆ ಕಿವಿ ಚೆನ್ನಾಗೇ ಕೇಳ್ಸುತ್ತೆ. ನೋಯ್ತಿರೋದು ಮಂಡಿ."

ಅವನು ಇಂಗು ತಿಂದ ಮಂಗನ ಹಾಗೆ ನಿಂತ. ಅತ್ತೆ ಹಿಂದಿನ ಬಾಗಿಲು ತೆರೆದರು. ಅಲ್ಲಿನ ಸೀಟಿಗೆ ಇನ್ನೂ ಒಂದು ಹನಿಯೂ ತಾಗಿರಲಿಲ್ಲ. ನಾನು ಮತ್ತು ಅವರು ಅಷ್ಟು ವರ್ಷ ಚಪ್ಪಲಿ ಮಡಿಲಲ್ಲಿಟ್ಟುಕೊಂಡು ಕೂತ ಜಾಗ ಅದು. ಲೋಟವನ್ನು ಎತ್ತಿ, ಗಿಡಕ್ಕೆ ನೀರು ಹಾಕುವಷ್ಟು ನಿಧಾನವಾಗಿ, ಈ ತುದಿಯಿಂದ ಆ ತುದಿಯವರೆಗೆ ರಸವನ್ನೆಲ್ಲ ಸುರಿದರು.

"ಅಮ್ಮಾ! ತಲೆ ಕೆಟ್ಟಿದೆಯಾ ನಿಂಗೆ?"

"ಇವತ್ತು ಸರಿಹೋಗಿದೆ" ಎಂದರು ಅತ್ತೆ. ಕಣ್ಣಲ್ಲಿ ನೀರಿತ್ತು. "ಗಂಡನಿಗೆ ಹೂಂ ಅಂದೆ. ದೊಡ್ಡೋನಿಗೆ ಹೂಂ ಅಂದೆ. ನಿಂಗಂತೂ ಕೇಳೋಕೆ ಮುಂಚೆನೇ ಹೂಂ ಅಂದೆ. ಈ ಹುಡುಗಿ ಒಬ್ಳು ನನ್ನನ್ನ ಮುಂದಿನ ಸೀಟಲ್ಲಿ ಕೂರಿಸಿಕೊಂಡು ಹೋಗಿ, ಏನ್ ಬೇಕು ಅತ್ತೆ ಅಂತ ಕೇಳಿದ್ಲು. ಕಾರು ಇವಳದು. ಉಹೂಂ, ಕೊಡಲ್ಲ. ಹೋಗು."

ಗೃಹಸ್ಥರು ಕುಡಿದ ಲೋಟವನ್ನು ಮೆಲ್ಲಗೆ ಮೆಟ್ಟಿಲ ಮೇಲಿಟ್ಟು ಗೇಟಿನ ಕಡೆ ನಡೆದರು. ಮೈದುನ ಏನೋ ಗೊಣಗುತ್ತಾ ಅವರ ಹಿಂದೆ ಹೋದ. ಗೇಟು ಹಾಕಿಕೊಂಡು ಹೋಗುವಷ್ಟು ಸೌಜನ್ಯವೂ ಇರಲಿಲ್ಲ ಅವನಿಗೆ, ನಾನೇ ಹೋಗಿ ಹಾಕಿ ಬಂದೆ.

ಅತ್ತೆ ಖಾಲಿ ಲೋಟ ಹಿಡಿದು ಅಲ್ಲೇ ನಿಂತಿದ್ದರು. ಹತ್ತಿರ ಹೋಗಿ ತಬ್ಬಿಕೊಂಡೆ. ನಮ್ಮ ಮನೆಯಲ್ಲಿ ಅದೆಲ್ಲ ಇರಲಿಲ್ಲ. ಅವರು ನನ್ನ ಭುಜದ ಮೇಲೆ ತಲೆಯಿಟ್ಟು ಸ್ವಲ್ಪ ಹೊತ್ತು ಬಿಕ್ಕಿ ಬಿಕ್ಕಿ ಅತ್ತರು. ಯಾರಿಗಾಗಿ ಅತ್ತರೋ, ಸತ್ತ ಮಗನಿಗೋ, ಸಿಟ್ಟಾಗಿ ಹೋದ ಮಗನಿಗೋ, ನಾನು ಕೇಳಲಿಲ್ಲ.

"ಹಿಂದಿನ ಸೀಟು ಒರೆಸೋಣ್ವಾ ಅತ್ತೆ? ಅಂಟು ಗಟ್ಟಿಯಾಗುತ್ತೆ ಆಮೇಲೆ."

"ಇರಲಿ ಬಿಡೇ" ಎಂದರು, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾ. "ಇನ್ಮೇಲೆ ಅಲ್ಲಿ ಕೂರೋರು ಯಾರು?"