ಕೆಳಮುಖದ ಹೆಬ್ಬೆರಳು

ನಮ್ಮ ಕ್ರೈಸ್ತ ಶಾಲೆಯಲ್ಲಿ ಲ್ಯಾಟಿನ್ ಬಾರದ ಮಗು ಮೇಲಿನ ತರಗತಿಗೆ ಹೋಗುವಂತಿಲ್ಲ. ಅದಕ್ಕೆ ಹೆಡ್‌ಮಾಸ್ಟರ್ ಹ್ಯಾಲ್ವರ್ಸನ್ ಟೊಂಕ ಕಟ್ಟಿ ನಿಲ್ಲುತ್ತಿದ್ದರು. ನಾನು ಮಕ್ಕಳಿಗೆ ಸ್ವರಲಿಪಿ ಓದಲು ಕಲಿಸಿದರೆ ಮಾತ್ರ ಅವರಿಗೆ ಕಣ್ಣುರಿ, ಏಕೆಂದರೆ ಅವರಿಗೇ ಅದು ಬಾರದು.

ನನ್ನ ಪಾಠದಲ್ಲಿ ಪ್ರತಿ ಸ್ವರಕ್ಕೂ ಒಂದು ಕೈಸನ್ನೆ. ಡೋ ಅಂದರೆ ಮುಷ್ಟಿ, ಮಿ ಅಂದರೆ ಮಟ್ಟಸವಾಗಿ ಹಿಡಿದ ಅಂಗೈ, ಫಾ ಅಂದರೆ ಕೆಳಕ್ಕೆ ತಿರುಗಿಸಿದ ಹೆಬ್ಬೆರಳು. ನಾನು ತೋರಿಸಬೇಕು, ಅವರೂ ತೋರಿಸುತ್ತ ಹಾಡಬೇಕು. ಹೀಗೆ ಕಲಿತ ಮಕ್ಕಳು ಕಂಡು ಕೇಳರಿಯದ ಕೀರ್ತನೆಯನ್ನೂ ಪುಟ ನೋಡಿಯೇ ಹಾಡುತ್ತಿದ್ದರು.

ಫೆಬ್ರವರಿಯ ಒಂದು ಬೆಳಿಗ್ಗೆ ಪ್ರಾರ್ಥನೆಯ ಹೊತ್ತಿನಲ್ಲಿ ಹ್ಯಾಲ್ವರ್ಸನ್ ವಿನಯದ ಬಗ್ಗೆ ಕೊರೆಯುತ್ತಿದ್ದರು. ಮುಂದಿನ ಸಾಲಿನ ತಿರ್ಜಾ ಕೆಸ್ಲರ್ ತಾನು ಒಬ್ಬಳೇ ಹಾಡಬೇಕಿದ್ದ ಸಾಲನ್ನು ಮನಸ್ಸಿನಲ್ಲೇ ಹಾಡಿಕೊಳ್ಳುತ್ತಿದ್ದಳು. ಮಡಿಲಲ್ಲಿದ್ದ ಅವಳ ಹೆಬ್ಬೆರಳು ಕೆಳಗಾಯಿತು.

"ನನ್ನ ಮಾತಿಗೇ ಛೀ ಅಂತ ಹೆಬ್ಬೆರಳು ಕೆಳಗೆ ಮಾಡ್ತೀಯಾ?"

"ಸರ್, ಅದು ಫಾ."

"ಎದುರುತ್ತರ ಬೇರೆ!"

ಕ್ಷಮೆ ಕೇಳುವವರೆಗೆ ಅವಳಿಗೆ ಗಾಯನವೃಂದದಲ್ಲಿ ಜಾಗವಿಲ್ಲ ಎಂದರು. ಮುಂದಿನ ವರ್ಷದಿಂದ ನನ್ನ ಪಾಠವೂ ಇಲ್ಲ, ನಾನೂ ಇಲ್ಲ. "ಹಾಡೋಕೆ ಕಿವಿ ಇದ್ರೆ ಸಾಕು ಮಿಸ್ ವೆಲ್ಟನ್. ಈ ಮಂಗಚೇಷ್ಟೆ ಎಲ್ಲ ಯಾಕೆ?"

ತಿರ್ಜಾ ಅಳುತ್ತ ಬಂದಳು. "ಫಾ ಹಾಡಿದ್ದಕ್ಕೆ ಸಾರಿ ಕೇಳ್ಬೇಕಾ ಮಿಸ್?"

"ಸತ್ರೂ ಕೇಳ್ಬೇಡ" ಎಂದೆ.

ವೈರಿಯನ್ನು ಕ್ಷಮಿಸಬೇಕೆಂದು ಕಲಿಸುವ ಶಾಲೆ ನಮ್ಮದು. ಆ ಕೆಲಸವನ್ನು ನಾನು ಬೇಸಿಗೆ ರಜೆಗೆ ಎತ್ತಿಟ್ಟೆ. ಅಲ್ಲಿಯವರೆಗೆ ಆ ಮನುಷ್ಯನ ಮೇಲಿನ ಸಿಟ್ಟನ್ನು ಆರಲು ಬಿಡಲಿಲ್ಲ.

ರಜೆ ಇನ್ನೂ ಶುರುವಾಗದ ಮೇ ತಿಂಗಳಲ್ಲಿ, ಮಕ್ಕಳ ಹಾಡು ಕೇಳಲು ಅಜ್ಜ ಅಜ್ಜಿಯರನ್ನು ಶಾಲೆಗೆ ಕರೆಯುವ ದಿನ ಬಂತು. ನಮ್ಮಲ್ಲಿ ಕೀರ್ತನೆಗೆ ವಾದ್ಯವಿಲ್ಲ, ಹೆಡ್‌ಮಾಸ್ಟರೇ ಶ್ರುತಿ ಹಿಡಿದು ಶುರು ಮಾಡಬೇಕು. ಅವರು ಪ್ರತಿ ಸಲವೂ ಮಿತಿ ಮೀರಿ ಮೇಲೆ ಹಿಡಿಯುತ್ತಿದ್ದರು. ನಾನು ಮೆಲ್ಲಗೆ ಗುನುಗಿ ಮಕ್ಕಳನ್ನು ಕೆಳಗಿಳಿಸಿ ಅವರ ಮಾನ ಉಳಿಸುತ್ತಿದ್ದೆ. ಆ ದಿನ ತುಟಿ ಬಿಚ್ಚಲಿಲ್ಲ.

ಎಳೆಯ ಗಂಟಲುಗಳು ಸಲೀಸಾಗಿ ಏರಿದವು. ಕೀರ್ತನೆಯ ಮೂರನೆಯ ಸಾಲಿನ ಅತಿ ಎತ್ತರದ ಸ್ವರಕ್ಕೆ ಹ್ಯಾಲ್ವರ್ಸನ್ ಕತ್ತು ಚಾಚಿದರು, ಕೆಂಪಾದರು, ಕೋಳಿಯ ಕುತ್ತಿಗೆ ಹಿಸುಕಿದಂತೆ ಕಿರುಚಿ ನಿಂತುಬಿಟ್ಟರು. ಆ ಸ್ವರ ಫಾ. ಅಜ್ಜ ಅಜ್ಜಿಯರ ಬೆನ್ನ ಹಿಂದೆ ನಿಂತಿದ್ದ ನಾನು ಕೈಯೆತ್ತಿ ಹೆಬ್ಬೆರಳು ಕೆಳಗೆ ಮಾಡಿದೆ. ವೇದಿಕೆಯ ಮೇಲಿದ್ದ ಮಕ್ಕಳೆಲ್ಲರ ಹೆಬ್ಬೆರಳುಗಳೂ ಒಟ್ಟಿಗೆ ಕೆಳಗಾದವು.

ಇನ್ನೂ ಕ್ಷಮೆ ಕೇಳದೆ ವೇದಿಕೆಯ ಕೆಳಗೇ ಕುಳಿತಿದ್ದ ತಿರ್ಜಾಳ ಪಕ್ಕದಲ್ಲಿದ್ದ ಅವಳ ಅಜ್ಜ, ಗೋಧಿ ಬೆಳೆಯುವ ಆರ್ವಿಲ್ ಕೆಸ್ಲರ್, ಎದ್ದು ನಿಂತರು. ಕಿವಿ ಮಂದ, ದನಿ ದೊಡ್ಡದು. "ಏನ್ರೀ ಹೆಡ್‌ಮಾಸ್ಟ್ರೇ, ಇಡೀ ಸ್ಕೂಲೇ ನಿಮಗೆ ಛೀ ಅಂತಿದ್ಯಾ?"

"ಇಲ್ಲ ಇಲ್ಲ... ಅದು ಸ್ವರದ ಸನ್ನೆ. ಫಾ ಅಂತ."

"ಹಂಗಾದ್ರೆ ನಮ್ ಹುಡುಗಿ ಅವತ್ತು ತೋರಿಸಿದ್ದು?"

ಹ್ಯಾಲ್ವರ್ಸನ್ ನನ್ನತ್ತ ನೋಡಿದರು. ನನ್ನ ಹೆಬ್ಬೆರಳು ಇನ್ನೂ ಕೆಳಮುಖವಾಗಿಯೇ ಇತ್ತು.

"ಅದೂ... ಫಾ."

"ಸ್ವಲ್ಪ ಜೋರಾಗಿ ಸರ್" ಎಂದೆ. "ಹಿಂದಿನವರಿಗೆ ಕೇಳಿಸ್ಲಿಲ್ಲ."

ಇನ್ನೊಮ್ಮೆ ಹೇಳಿದರು. ತಿರ್ಜಾ ಯಾರ ಅಪ್ಪಣೆಗೂ ಕಾಯದೆ ವೇದಿಕೆ ಹತ್ತಿ ತನ್ನ ಜಾಗದಲ್ಲಿ ನಿಂತಳು.

"ಮಿಸ್ ವೆಲ್ಟನ್, ಮೊದಲಿಂದ ಹಾಡೋಣ" ಎಂದರು ಹ್ಯಾಲ್ವರ್ಸನ್, ಬೆವರೊರೆಸಿಕೊಳ್ಳುತ್ತ. "ಶ್ರುತಿ ನೀವೇ ಕೊಡಿ, ದಯವಿಟ್ಟು."

ಕೊಟ್ಟೆ. ಅವರು ಹಿಡಿದಿದ್ದ ಶ್ರುತಿಯನ್ನೇ ಕೊಟ್ಟೆ, ಕೂದಲೆಳೆಯಷ್ಟೂ ಇಳಿಸದೆ.