ಹಲ್ಲಿನ ಡಾಕ್ಟರು ಕೂರುವ ಸ್ಟೂಲು

ನಾನು ಒಂದು ಸ್ಟೂಲು. ದುಂಡನೆಯ ಸೀಟು, ಐದು ಗಾಲಿ, ಬೆನ್ನಿಲ್ಲ. ಹಲ್ಲಿನ ದವಾಖಾನೆಗೆ ಬಂದವರೆಲ್ಲ ರೋಗಿಯ ಕುರ್ಚಿಯನ್ನೇ ನೋಡುತ್ತಾರೆ. ಅದಕ್ಕೆ ಏರಿ ಇಳಿಯಲು ಮೋಟರು, ತಲೆಗೆ ದಿಂಬು. ನನಗೆ ಡಾಕ್ಟರೊಬ್ಬರೇ.

ನಾನು ಹುಟ್ಟಿದ್ದು ರಾಜಕೋಟಿನ ಒಂದು ಶೆಡ್ಡಿನಲ್ಲಿ. ಗಟ್ಟಿ ಇದ್ದೇನೋ ಇಲ್ಲವೋ ಎಂದು ನೋಡಲು ನನ್ನ ಮೇಲೆ ಒಂದು ಎಮ್ಮೆಯನ್ನು ಕೂರಿಸಿದರು. ಅಷ್ಟೇನೂ ಭಾರವೆನಿಸಲಿಲ್ಲ. ಎಮ್ಮೆಗೆ ಚಿಂತೆ ಇರಲಿಲ್ಲವಲ್ಲ. ನಂಬದಿದ್ದರೆ ಬಿಡಿ.

ನನ್ನ ಮೊದಲ ಒಡೆಯರು ಗದಗಿನ ಮುದುಕ ಡಾಕ್ಟರು, ಸವಡಿಯವರು. ಅವರು ಹಲ್ಲು ಕೀಳುವಾಗ ಹಾಡುತ್ತಿದ್ದರು. ಹಾಡು ತಾಳಲಾರದೆ ಎಷ್ಟೋ ಹಲ್ಲುಗಳು ತಾವಾಗಿಯೇ ಹೊರಗೆ ಬಂದಿವೆ. ಕಣ್ಣು ಮಂಜಾದ ಮೇಲೆ ದವಾಖಾನೆಯನ್ನೂ ನನ್ನನ್ನೂ ಡಾ. ಗಂಗಾಧರ ಬೆಳವಟಗಿಯವರಿಗೆ ಒಪ್ಪಿಸಿ ಹೋದರು.

ಇವರು ಹಾಡುತ್ತಿರಲಿಲ್ಲ. ಸಣ್ಣ ಕೋಣೆಯಲ್ಲಿ ದಿನವಿಡೀ ಬಾಗಿ ಕೂತಿರುತ್ತಿದ್ದರು. ಅವರ ಜೊತೆ ಅಲ್ಲಲ್ಲೇ ಉರುಳಿ ನಾನು ಕಾಶಿಗೆ ಹೋಗಿ ಬರುವಷ್ಟು ದಾರಿ ಸವೆಸಿದ್ದೇನೆ. ಬಂದವರ ಮೊದಲ ಮಾತು ಯಾವಾಗಲೂ ಒಂದೇ: "ಸಾಹೇಬ್ರ, ನಿಮ್ಮನ್ನ ಕಂಡ್ರ ನನಗ ಭಾಳ ಅಂಜಿಕಿ." ಬೆಳಗಿನಿಂದ ಸಂಜೆವರೆಗೆ ಎಲ್ಲರೂ ಹೀಗೆಂದರೆ ಹುಲಿಗೂ ಬೇಸರವಾಗುತ್ತದೆ. ಆಮೇಲೆ ಬಂದವರು ಬಾಯಿ ತೆರೆಯುತ್ತಿದ್ದರು, ಮಾತು ಅಲ್ಲಿಗೆ ನಿಲ್ಲುತ್ತಿತ್ತು. ವರ್ಷ ಕಳೆದಂತೆ ಡಾಕ್ಟರು ತೆಳ್ಳಗಾದರು. ನನಗೆ ಮಾತ್ರ ಭಾರವಾದರು.

ಒಂದು ಬೇಸಿಗೆಯಲ್ಲಿ ಅವರು ಬೆಳಿಗ್ಗೆ ಬಂದು, ಒಳಗಿನಿಂದ ಚಿಲಕ ಹಾಕಿಕೊಂಡು, ದೀಪ ಹಚ್ಚದೆ ನನ್ನ ಮೇಲೆ ಸುಮ್ಮನೆ ಕೂರತೊಡಗಿದರು. ಜನ ಬಾಗಿಲು ಬಡಿದು ಬಡಿದು ಹೋಗುತ್ತಿದ್ದರು. ಒಂದು ದಿನ ಫೋನಿನಲ್ಲಿ, "ದವಾಖಾನಿ ಮುಚ್ಚತೀನ್ರಿ. ಕುರ್ಚಿ, ಸಾಮಾನು ಎಲ್ಲಾ ಒಯ್ರಿ" ಎಂದರು. ಮುಂದೇನು ಮಾಡುತ್ತೀರಿ ಎಂದು ಆ ಕಡೆಯವರು ಕೇಳಿರಬೇಕು. ಇವರು ಉತ್ತರ ಕೊಡದೆ ಫೋನು ಇಟ್ಟರು. ನನ್ನನ್ನು ಮಾರುವುದು ಇರಲಿ, ಆ ಮೌನ ನನಗೆ ಹಿಡಿಸಲಿಲ್ಲ.

ಮರುದಿನ ಬಾಗಿಲು ಬಡಿದವರು ವಾಪಸು ಹೋಗಲಿಲ್ಲ. ಅವರು ಡಾ. ಶಾಹೀನ ಮುಲ್ಲಾ. ನಮ್ಮ ಡಾಕ್ಟರ ಜೊತೆ ಓದಿದವರು, ಅದೇ ಊರಿನಲ್ಲಿ ಅವರದೂ ಹಲ್ಲಿನ ದವಾಖಾನೆ.

"ಗಂಗಾಧರ, ನಿನ್ನ ಗಾಡಿ ಹೊರಗ ನಿಂತೈತಿ. ಅದೊಂದ ಬಂದೈತೇನು? ಬಾಗಿಲಾ ತಗಿ."

ತೆಗೆದರು.

"ಹೆಂಗದೀ?"

"ಆರಾಮ ಅದೀನಿ."

"ಹೌದಾ? ಬಾಯಿ ತಗಿ, ನೋಡೂಣು."

"ನಂದ್ಯಾಕ?"

"ಯಾರಿಗರ ತೋರಿಸಿ ಎಷ್ಟು ವರ್ಷಾತು?"

ಡಾಕ್ಟರು ನೆನಪು ಮಾಡಿಕೊಂಡು ನೋಡಿದರು, ಕೈಬಿಟ್ಟರು. ಊರಿನ ಬಾಯೆಲ್ಲ ನೋಡಿದ ಮನುಷ್ಯ ತಮ್ಮದನ್ನು ಯಾರಿಗೂ ತೋರಿಸಿರಲಿಲ್ಲ. ಅಂದು ಅವರು ರೋಗಿಯ ಕುರ್ಚಿಯಲ್ಲಿ ಒರಗಿದರು. ಶಾಹೀನ ನನ್ನ ಮೇಲೆ ಕೂತು ದೀಪ ಎಳೆದುಕೊಂಡರು. ಬಹಳ ಹೊತ್ತು ನೋಡಿ, ಕನ್ನಡಿಯನ್ನು ಬಾಯಿಂದ ಹೊರಗೆ ತೆಗೆದರು.

"ದವಡಿ ಹಲ್ಲು ಸವದು ಚಪ್ಪಟಿ ಆಗ್ಯಾವು. ನಿದ್ದ್ಯಾಗ ಹಲ್ಲು ಕಡೀತಿ. ಇಂಥಾ ಬಾಯಿ ಬಂದ್ರ ಪೇಶಂಟಿಗೆ ನೀ ಏನಂತಿ?"

"ಮನಸಿಗೆ ಏನರ ಹಚ್ಕೊಂಡೀರೇನು ಅಂತ ಕೇಳ್ತೀನಿ."

"ಕೇಳಾಕತ್ತೀನಿ. ಹೇಳು."

ಡಾಕ್ಟರು ಮೇಲೆ ದೀಪವನ್ನೇ ನೋಡುತ್ತ, "ಮುಂಜಾನೆ ಏಳೂದ ಬ್ಯಾಡ ಅನಸ್ತೈತಿ, ಶಾಹೀನ" ಎಂದರು. ಆಮೇಲೆ ಮಾತು ನಿಲ್ಲಲಿಲ್ಲ. ಆ ಕುರ್ಚಿಯಲ್ಲಿ ಅಷ್ಟು ಮಾತಾಡಿದವರನ್ನು ನಾನು ಕಂಡಿರಲಿಲ್ಲ.

"ನನಗೂ ಹ್ವಾದ ವರ್ಷ ಹಿಂಗ ಆಗಿತ್ತು. ಹುಬ್ಬಳ್ಳ್ಯಾಗ ಮನಸಿನ ಡಾಕ್ಟರಿಗೆ ತೋರಿಸ್ಕೊಂಡೆ. ನಾಳೆ ನಿನ್ನ ಕರಕೊಂಡು ಹೋಗ್ತೀನಿ" ಎಂದರು ಶಾಹೀನ.

"ನನಗ ಅಂಜಿಕಿ ಆಗ್ತೈತಿ."

"ನಮ್ಮ ಕಡೆ ಬರಾಕೂ ಮಂದಿ ಅಂಜತಾರ. ಆದ್ರೂ ಬರ್ತಾರಿಲ್ಲೋ?"

ಕುರ್ಚಿ ಮಾರಾಟವಾಗಲಿಲ್ಲ. ಈಗ ಗುರುವಾರ ದವಾಖಾನೆಗೆ ರಜೆ, ಡಾಕ್ಟರು ಹುಬ್ಬಳ್ಳಿಯ ಬಸ್ಸು ಹತ್ತುತ್ತಾರೆ. ಪೂರ್ತಿ ಗುಣವಾಗಿದ್ದಾರೆ ಎಂದರೆ ಸುಳ್ಳಾಗುತ್ತದೆ, ಸುಳ್ಳು ಹೇಳುವುದು ನನ್ನ ಸ್ವಭಾವವಲ್ಲ. ಕೆಲವು ಬೆಳಿಗ್ಗೆ ಕೈ ಇನ್ನೂ ಚಿಲಕದ ಮೇಲೆ ಹೋಗುತ್ತದೆ. ಆಗ ಶಾಹೀನರಿಗೆ ಫೋನು ಹಚ್ಚುತ್ತಾರೆ.

ನನಗೂ ವಯಸ್ಸಾಯಿತು. ಹೊರಗಿನ ಕೋಣೆಯ ಮೂಲೆಯಲ್ಲಿದ್ದೇನೆ. ಭಾನುವಾರ ಊರಿನ ನಾಲ್ಕಾರು ಹಲ್ಲಿನ ಡಾಕ್ಟರುಗಳು ಚಹಾದ ನೆಪದಲ್ಲಿ ಅಲ್ಲಿ ಸೇರಿ ತಮ್ಮ ತಮ್ಮ ಕಷ್ಟ ಹೇಳಿಕೊಳ್ಳುತ್ತಾರೆ. ನನ್ನ ನಡುಗಂಬ ಈಗ ಭಾರ ತಡೆಯದೆ ಕುಸಿಯುತ್ತದೆ, ನನ್ನ ಮೇಲೆ ಕೂತವರು ಮಾತು ಮುಗಿಸುವುದರೊಳಗೆ ನನ್ನ ಜೊತೆಗೇ ಮೆಲ್ಲಗೆ ಕೆಳಗೆ ಇಳಿದುಬಿಟ್ಟಿರುತ್ತಾರೆ. ಮೊನ್ನೆ ಹಾಗೆ ಇಳಿದವರೊಬ್ಬರು, "ಇದನ್ನ ಗುಜರಿಗೆ ಹಾಕ್ರಿ" ಎಂದರು.

"ಇರಲಿ ಬಿಡ್ರಿ" ಎಂದರು ನಮ್ಮ ಡಾಕ್ಟರು. "ಅದಕ್ಕೂ ದಣಿವಾಗಿರ್ತೈತಿ."

ತಮಗೆ ತಾವು ಇಷ್ಟು ವರ್ಷ ಹೇಳಿಕೊಳ್ಳದ ಮಾತನ್ನು ಅವರು ನನ್ನ ಬಗ್ಗೆ ಹೇಳಿದರು. ಪರವಾಗಿಲ್ಲ. ಕಲಿಯುವವರು ಸ್ಟೂಲಿನಿಂದಲೇ ಶುರು ಮಾಡಲಿ.